ಕುಂಬಳಕಾಯಿ ಕುಯ್ದ ಕೈ

ನನ್ನ ನಾದಿನಿ ದಿನಾ ಬೆಳಿಗ್ಗೆ ಫೋನಿಗೆ ಏನಾದರೊಂದು ಕಳಿಸುತ್ತಾಳೆ. ಹೋದ ತಿಂಗಳು ಕುಂಬಳಕಾಯಿಯ ಸರದಿ. ಕಣ್ಣಿಗೆ ಒಳ್ಳೆಯದು, ಕರುಳಿಗೆ ಒಳ್ಳೆಯದು, ರಕ್ತದೊತ್ತಡಕ್ಕೆ ಒಳ್ಳೆಯದು, ಬೀಜ ತಿಂದರೆ ನಿದ್ದೆ ಚೆನ್ನಾಗಿ ಬರುತ್ತದೆ, ಸಿಪ್ಪೆಯನ್ನೂ ಬಿಸಾಡಬೇಡಿ, ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ. ನಾನು ಯಾವುದನ್ನೂ ಒಂದೇ ಸಲಕ್ಕೆ ನಂಬುವವಳಲ್ಲ. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ಗೂಡು ನೋಡಿ ನೋಡಿ, ಮೇಲೆ ಚೆನ್ನಾಗಿ ಕಾಣುವುದೆಲ್ಲ ಒಳಗೂ ಚೆನ್ನಾಗಿರುವುದಿಲ್ಲ ಅನ್ನುವುದು ಕೈಗೇ ಅಭ್ಯಾಸವಾಗಿಬಿಟ್ಟಿದೆ. ಏನು ಬಂದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಇದನ್ನೂ ಅಲ್ಲಾಡಿಸಿದೆ. ಸಕ್ಕರೆ ಕಾಯಿಲೆಯವರು ಧಾರಾಳವಾಗಿ ತಿನ್ನಬಹುದು ಅಂತ ಒಬ್ಬರು, ಮುಟ್ಟಲೇಬಾರದು ಅಂತ ಇನ್ನೊಬ್ಬರು. ನನಗೆ ಸಕ್ಕರೆ ಇದೆ. ಆದ್ದರಿಂದ ಒಂದು ದಿನ ಒಂದು ಬಟ್ಟಲು ಕುಂಬಳಕಾಯಿ ಪಲ್ಯ ತಿಂದು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿಕೊಂಡು ನಾನೇ ನೋಡಿದೆ. ಅಂಥದ್ದೇನೂ ಏರಿರಲಿಲ್ಲ. ಮಾರನೆಯ ದಿನ ಅದೇ ಕಾಯಿಗೆ ಅಚ್ಚುಬೆಲ್ಲ ಹಾಕಿ ಪಾಯಸ ಮಾಡಿ ಕುಡಿದು ನೋಡಿದೆ, ಚೆನ್ನಾಗಿಯೇ ಏರಿತ್ತು. ಅದರಲ್ಲಿ ಕುಂಬಳಕಾಯಿಯ ತಪ್ಪೇನು? ಇದನ್ನು ನಾದಿನಿಗೆ ಬರೆದು ಕಳಿಸಿದರೆ ಅವಳು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದಳು.

ಮಂಡ್ಯದ ತರಕಾರಿ ಮಾರುಕಟ್ಟೆಯಲ್ಲಿ ಹೋಳು ಮಾಡಿಟ್ಟ ಕುಂಬಳಕಾಯಿಯನ್ನು ನಾನು ಕೊಳ್ಳುವುದಿಲ್ಲ. ಚಿಕ್ಕದಾದರೂ ಸರಿ, ಇಡೀ ಕಾಯಿ ತಂದು ಮನೆಯಲ್ಲಿ ನಾನೇ ಕುಯ್ಯುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಒಂದು ಸಲ "ಕೊಡು, ಮೊದಲ ಏಟು ನಾನು ಹಾಕಿಕೊಡ್ತೀನಿ, ಹೆಂಗಸರು ಹಾಕಬಾರದಂತಲ್ಲ" ಅನ್ನುತ್ತ ಅಡುಗೆಮನೆಗೆ ಬಂದಿದ್ದರು. ನಾನು ನೋಡಿದ ನೋಟಕ್ಕೆ ಹಾಗೇ ಹಿಂದೆ ಹೋದವರು ಮತ್ತೆ ಆ ಮಾತು ಎತ್ತಿಲ್ಲ. ಪಾಪ, ಅವರಿಗೆ ಕಾರಣ ಹೇಳಿರಲಿಲ್ಲ. ಕಾರಣ ಬೆಸಗರಹಳ್ಳಿಯ ಹತ್ತಿರದ ನಮ್ಮ ಹಳೇ ಮನೆಯ ಅಟ್ಟದ ಮೇಲಿತ್ತು.

ಅದು ನಾಡಹೆಂಚಿನ ಮನೆ. ಮುಂದೆ ಜಗಲಿ, ದಾಟಿದರೆ ನಡುಮನೆ, ನಡುಮನೆಯ ಒಂದು ಪಕ್ಕ ಹಸು ಕಟ್ಟುವ ಕೊಟ್ಟಿಗೆ, ಇನ್ನೊಂದು ಪಕ್ಕ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ, ಹಿಂದೆ ಹಿತ್ತಲು ಮತ್ತು ತಿಪ್ಪೆ. ಮನೆಯಲ್ಲಿ ಮೂರು ಜನ, ಮೂವರೂ ಹೆಂಗಸರು: ಅಪ್ಪನ ತಾಯಿಯಾದ ಅಜ್ಜಿ, ಅವ್ವ, ನಾನು. ಅಪ್ಪ ನನಗೆ ನೆನಪು ಮೂಡುವ ಮೊದಲೇ ಜ್ವರದಲ್ಲಿ ಹೋಗಿದ್ದ. ಯಜಮಾನಿಕೆ ಅಜ್ಜಿಯದು. ಅಜ್ಜಿಯಷ್ಟು ಅನುಮಾನದ ಹೆಂಗಸನ್ನು ನಾನು ಇವತ್ತಿನವರೆಗೂ ನೋಡಿಲ್ಲ, ಕನ್ನಡಿಯಲ್ಲಿ ನೋಡಿದ್ದನ್ನು ಬಿಟ್ಟರೆ. ಬೆಣ್ಣೆಯ ಮೇಲೆ ಹೆಬ್ಬೆಟ್ಟು ಒತ್ತಿಟ್ಟು ಹೊಲಕ್ಕೆ ಹೋಗುವಳು, ಬಂದ ಮೇಲೆ ಗುರುತು ಹಾಗೇ ಇದೆಯೇ ಎಂದು ದೀಪ ಹಿಡಿದು ನೋಡುವಳು. ತನ್ನ ಹಸುವಿನ ಹಾಲನ್ನೇ ಬೆರಳಿನಿಂದ ತೊಟ್ಟಿಕ್ಕಿಸಿ ನೀರು ಬೆರೆತಿದೆಯೇ ಎಂದು ಪರೀಕ್ಷಿಸುವಳು, ಕರೆದವಳು ತಾನೇ ಆಗಿದ್ದರೂ. ಬಸರಾಳಿನ ಮಗಳ ಮನೆಗೆ ನಾಲ್ಕು ದಿನಕ್ಕೆಂದು ಹೇಳಿ ಹೋದರೆ ಮೂರನೆಯ ದಿನವೇ ಬಂದು ಬಾಗಿಲಲ್ಲಿ ನಿಲ್ಲುವಳು. ಬಸ್ಸು ಇಳಿದು ನಡೆದು ಬರುವಾಗ ಕಾಲುಸದ್ದು ಕೇಳಿಸದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿರುತ್ತಿದ್ದಳು.

ನಮ್ಮ ತಿಪ್ಪೆಯ ಪಕ್ಕ ಯಾರೂ ಹಾಕದ ಬೀಜದಿಂದ ಕುಂಬಳದ ಬಳ್ಳಿ ತಾನೇ ಹುಟ್ಟಿ, ಬೇಲಿ ಹತ್ತಿ, ಕೊಟ್ಟಿಗೆಯ ಹೆಂಚಿಗೂ ಹಬ್ಬುತ್ತಿತ್ತು. ಬಲಿತ ಕಾಯನ್ನು ತೊಟ್ಟು ಸಮೇತ ಕಿತ್ತು ಅಟ್ಟಕ್ಕೆ ಏರಿಸಿದರೆ ಆರು ತಿಂಗಳಾದರೂ ಕೆಡುತ್ತಿರಲಿಲ್ಲ. ಅಜ್ಜಿ ಪ್ರತಿ ಕಾಯಿಗೂ ಸುಣ್ಣದ ಬೊಟ್ಟು ಇಟ್ಟು ಎಣಿಸಿಡುತ್ತಿದ್ದಳು. ಕಾಯಿ ಹೀಗೆ ರಾಶಿ ಬಿದ್ದಿದ್ದರೂ ನಮ್ಮ ಮನೆಯಲ್ಲಿ ಅದನ್ನು ಬೇಕೆಂದಾಗ ತಿನ್ನುವ ಹಾಗಿರಲಿಲ್ಲ. ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕು. ಹೆಂಗಸು ಹಾಕಿದರೆ ಆ ಮನೆಯಲ್ಲಿ ಗಂಡು ನಿಲ್ಲುವುದಿಲ್ಲ ಅನ್ನುವುದು ಊರಿನ ಮಾತು. ನಿಲ್ಲಬೇಕಾದ ಗಂಡು ಹೋಗಿಯೇ ಬಿಟ್ಟಿದ್ದ ಮನೆಗೆ ಆ ಮಾತು ಇನ್ನೂ ಬಿಗಿಯಾಗಿ ಅಂಟಿಕೊಂಡಿತ್ತು. ಅಜ್ಜಿಗೆ ಗಂಡಸಾದರೆ ಸಾಲದು, ಅದಕ್ಕೂ ಲಕ್ಷಣಗಳಿದ್ದವು: ಮೀಸೆ ಬಂದಿರಬೇಕು, ಮಕ್ಕಳಾಗಿರಬೇಕು, ಹೆಂಡತಿ ಬದುಕಿರಬೇಕು, ಕುಡಿಯಬಾರದು. ಇಷ್ಟೂ ಕೂಡಿ ಬಂದದ್ದು ಇಡೀ ಬೀದಿಯಲ್ಲಿ ಪಕ್ಕದ ಮನೆಯ ಸಿದ್ದಪ್ಪ ಒಬ್ಬನಿಗೇ.

ಸಿದ್ದಪ್ಪನನ್ನು ಕರೆದರೆ ಅವನು ಟವೆಲ್ಲು ಕೊಡವಿಕೊಂಡು ಬಂದು, ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಾಯನ್ನು ಎರಡು ಸಲ ತಟ್ಟಿ, ತೊಟ್ಟಿನ ಬಲಕ್ಕೆ ಮಚ್ಚಿನಿಂದ ಒಂದು ಏಟು ಹಾಕಿಕೊಡುತ್ತಿದ್ದ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಉಳಿದದ್ದನ್ನು ಅವ್ವ ಒಳಗೆ ಒಯ್ದು ಈಳಿಗೆಮಣೆಯ ಮೇಲೆ ಹೆಚ್ಚುತ್ತಿದ್ದಳು. ಅವ್ವ ಎಡಗೈಯವಳು, ಉಣ್ಣುವುದೊಂದು ಬಿಟ್ಟು ಎಲ್ಲ ಕೆಲಸವೂ ಎಡಗೈಯದೇ. ಅದಕ್ಕೂ ಅಜ್ಜಿ ಮೂಗು ಮುರಿಯುತ್ತಿದ್ದಳು. ಆದರೆ ಆ ಕೈಯ ರುಚಿಗೆ ಮೂಗು ಮುರಿದದ್ದು ನಾನು ನೋಡಿಲ್ಲ. ಮೊದಲ ದಿನ ಅವರೆಕಾಳು ಹಾಕಿದ ಹುಳಿ, ಮುದ್ದೆಗೆ. ಮಾರನೆಯ ದಿನ ಹುಚ್ಚೆಳ್ಳು ಹುರಿದು ಪುಡಿ ಮಾಡಿ ಉದುರಿಸಿದ ಪಲ್ಯ. ಸಿಪ್ಪೆಯನ್ನು ಒಣಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ಹುರಿದು ರುಬ್ಬಿದರೆ ಚಟ್ನಿ. ಬೀಜವನ್ನು ತೊಳೆದು ಬೂದಿಯಲ್ಲಿ ಉಜ್ಜಿ, ಮೊರದಲ್ಲಿ ಒಣಗಿಸಿ, ಕಾವಲಿಯ ಮೇಲೆ ಉಪ್ಪುನೀರು ಚಿಮುಕಿಸಿ ಹುರಿದರೆ ನನ್ನ ಪಾಲು. ಬಳ್ಳಿ ಎಳೆಯದಾಗಿದ್ದಾಗ ಕುಡಿ ಚಿವುಟಿ ಸಾರು. ಈಗ ಅಂಗಡಿಯಲ್ಲಿ ಚಿಕ್ಕ ಪೊಟ್ಟಣದಲ್ಲಿ ಕುಂಬಳಬೀಜ ಮಾರುವುದನ್ನು ನೋಡಿದರೆ ನನಗೆ ನಗು ಬರುತ್ತದೆ, ಪೊಟ್ಟಣವನ್ನು ತಿರುಗಿಸಿ ಯಾವಾಗ ತುಂಬಿದ್ದು ಎಂದೂ ನೋಡುತ್ತೇನೆ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಸಂಜೆಯಾದರೆ ಕಣ್ಣು ಕಾಣದಾಯಿತು. ಹಗಲೆಲ್ಲ ಸರಿಯಾಗಿರುತ್ತಿದ್ದೆ, ಮುಚ್ಚಂಜೆಯಾದರೆ ನಡುಮನೆಯ ಕಂಬ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಒಂದು ಸಂಜೆ ಹಸುವಿಗೆ ಇಟ್ಟ ಕಲಗಚ್ಚಿನ ಬಾನಿಯೊಳಗೆ ಕಾಲಿಟ್ಟೆ. ಇನ್ನೊಂದು ಸಂಜೆ ಅವ್ವ ಎಂದುಕೊಂಡು ಹಸುವಿನ ಕುತ್ತಿಗೆ ತಬ್ಬಿಕೊಂಡು ಮಾತಾಡಿದೆ. ಅಜ್ಜಿಯ ತೀರ್ಮಾನ ಒಂದೇ: ದೀಪ ಹಚ್ಚುವ ಹೊತ್ತಿಗೆ ಕೆಲಸ ಹೇಳುತ್ತಾರೆ ಎಂದು ಇವಳು ಕಳ್ಳಾಟ ಆಡುತ್ತಿದ್ದಾಳೆ. ಅದನ್ನು ಪತ್ತೆ ಮಾಡಲು ಒಂದು ಸಂಜೆ ನಾನು ನಡೆಯುವ ದಾರಿಯಲ್ಲಿ ಹಿತ್ತಾಳೆಯ ಚೊಂಬು ಇಟ್ಟು ಮೂಲೆಯಲ್ಲಿ ಕೂತು ನೋಡಿದಳು. ನಾನು ಎಡವಿ ಬಿದ್ದೆ, ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು.

"ಬೇಕಂತ್ಲೇ ಎಡವುದ್ಲು, ನಾನ್ ನೋಡ್ದೆ," ಅಂದಳು ಅಜ್ಜಿ.

ಅವ್ವ ಕಾಲಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿ, ಮಾರನೆಯ ಬೆಳಿಗ್ಗೆ ನನ್ನನ್ನು ಎಳೆದುಕೊಂಡು ಬೆಸಗರಹಳ್ಳಿ ಆಸ್ಪತ್ರೆಗೆ ನಡೆದಳು. ಅಲ್ಲಿದ್ದ ನರ್ಸಮ್ಮ ನನ್ನ ಕಣ್ಣ ರೆಪ್ಪೆ ಬಿಡಿಸಿ ನೋಡಿ, ಕಿತ್ತಳೆ ಬಣ್ಣದ ಸಿರಪ್ಪನ್ನು ಒಂದು ಚಮಚ ಕುಡಿಸಿದರು.

"ಇದು ಇರುಳುಗಣ್ಣು ಕಣಮ್ಮ, ನಾಟಕ ಅಲ್ಲ. ಸಿರಪ್ ಮತ್ತೆ ಕೊಡ್ತೀನಿ, ಕರ್ಕೊಂಡ್ ಬಾ. ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ನುಗ್ಗೆಸೊಪ್ಪು, ಪರಂಗಿಹಣ್ಣು, ಹಳದಿ ಕುಂಬಳಕಾಯಿ, ವಾರಕ್ಕೆ ಮೂರು ದಿನವಾದರೂ ತಿನ್ಸು. ಒಗ್ಗರಣೆಗೆ ಎಣ್ಣೆ ಹಾಕು, ಬರೀ ನೀರಲ್ಲಿ ಬೇಯಿಸಿದ್ರೆ ಮೈಗೆ ಹತ್ತಲ್ಲ. ಬಿಟ್ರೆ ಕಣ್ಣೇ ಹೋಗುತ್ತೆ."

ಕಣ್ಣೇ ಹೋಗುತ್ತೆ ಅನ್ನುವ ಮಾತನ್ನು ಅವ್ವ ದಾರಿಯುದ್ದಕ್ಕೂ ಬಾಯಲ್ಲೇ ಆಡಿಸುತ್ತ ಬಂದಳು. ನುಗ್ಗೆಮರ ನಮ್ಮ ಹಿತ್ತಲಲ್ಲಿರಲಿಲ್ಲ, ಊರಲ್ಲಿ ಬೇಡಿ ತರಬೇಕು. ಪರಂಗಿ ಹಣ್ಣಾಗುವ ಕಾಲವಲ್ಲ. ಕುಂಬಳಕಾಯಿ ಮಾತ್ರ ಅಟ್ಟದ ಮೇಲೆ ಹನ್ನೊಂದು ಇದ್ದವು. ಅಜ್ಜಿಗೆ ನರ್ಸಮ್ಮನ ಮೇಲೂ ಅನುಮಾನ: ಕುಂಬಳಕಾಯಿ ಶೀತ, ವಾಯು, ಮಕ್ಕಳಿಗೆ ಕೊಡಬಾರದು, ಆ ಯಮ್ಮನಿಗೆ ಮಕ್ಕಳಿದ್ದರೆ ತಾನೇ ಗೊತ್ತಾಗೋದು. ಸಾಲದ್ದಕ್ಕೆ ಅದೇ ವಾರ ಅಜ್ಜಿಗೂ ಸಿದ್ದಪ್ಪನಿಗೂ ಜಗಳ ಹತ್ತಿತ್ತು. ಅವನ ಎಮ್ಮೆ ಬೇಲಿಯ ಸಂದಿಯಲ್ಲಿ ಮೂತಿ ತೂರಿಸಿ ನಮ್ಮ ಬಳ್ಳಿಯ ಕುಡಿ ಮೇದಿತ್ತು. ಎಮ್ಮೆ ತಾನಾಗಿ ಮೇಯಲಿಲ್ಲ, ಅವನೇ ಮೂತಿ ಹಿಡಿದು ಮೇಯಿಸಿದ ಅನ್ನುವುದು ಅಜ್ಜಿಯ ವಾದ. ಮಾತು ಬಿಟ್ಟರು. ಬೇರೆ ಯಾರನ್ನಾದರೂ ಕರೆಯೋಣವೆಂದು ಅವ್ವ ನಾಲ್ಕು ಹೆಸರು ಹೇಳಿದಳು. ಒಬ್ಬನ ಹೆಂಡತಿ ಸತ್ತಿದ್ದಳು, ಒಬ್ಬನಿಗೆ ಮಕ್ಕಳಿಲ್ಲ, ಒಬ್ಬ ಕುಡಿಯುತ್ತಾನೆ, ನಾಲ್ಕನೆಯವನ ಕಣ್ಣು ಸರಿಯಿಲ್ಲ, ಅಂದರೆ ನೋಟ ಸರಿಯಿಲ್ಲ. ಹೀಗೆ ಮೂರು ವಾರ ಕಳೆಯಿತು. ಸಂಜೆ ಐದಾದರೆ ಅವ್ವ ನನ್ನನ್ನು ಒಲೆಯ ಪಕ್ಕ ಕೂರಿಸಿ, ಎದ್ದು ಹೋಗದಂತೆ ತನ್ನ ಸೆರಗಿನ ತುದಿಯನ್ನು ಕೈಗೆ ಕೊಟ್ಟು ಕೆಲಸ ಮಾಡುತ್ತಿದ್ದಳು. ಆ ಸೆರಗು ಎಳೆದಾಗಲೆಲ್ಲ ಅವಳು ಅಟ್ಟದ ಕಡೆ ನೋಡುತ್ತಿದ್ದಳು.

ಅಜ್ಜಿ ಬಸರಾಳಿಗೆ ಹೊರಟ ಬೆಳಿಗ್ಗೆ ಅವ್ವ ಬಸ್ಸು ಹೋದ ಸದ್ದು ಕೇಳುವವರೆಗೂ ಕಾದಳು. ಆಮೇಲೂ ಒಂದು ಗಂಟೆ ಕಾದಳು. ಆ ನಡುವೆ ಮಲೇರಿಯಾದವರು ಸೈಕಲ್ಲಿನಲ್ಲಿ ಬಂದರು. ತಿಂಗಳಿಗೊಮ್ಮೆ ಮನೆಮನೆಗೂ ಬಂದು ಯಾರಿಗಾದರೂ ಜ್ವರವಿದೆಯೇ ಎಂದು ಕೇಳಿ, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಕು ಗೀಚಿ ಹೋಗುವ ಸರ್ಕಾರದ ಮನುಷ್ಯ. ಹೊಸ್ತಿಲ ಆಚೆಯೇ ನಿಂತು ಕೇಳಿದರು, ಇಲ್ಲ ಅಂದೆವು, ಗೀಚಿ ಹೋದರು. ಅವರು ತಿರುವು ದಾಟಿದ ಮೇಲೆ ಅವ್ವ ಬಾಗಿಲು ಹಾಕಿ ಅಗಳಿ ಇಕ್ಕಿದಳು. ಏಣಿ ಹತ್ತಿ ಒಂದು ಕಾಯಿ ಇಳಿಸಿದಳು. ಅದರ ಮುಂದೆ ಕೂತಳು. ಅಪ್ಪನ ಕೆಂಪು ಟವೆಲ್ಲು ಗೂಟದ ಮೇಲಿತ್ತು, ಅದರ ಕಡೆ ಒಂದು ಸಲ ನೋಡಿದಳು. ಆಮೇಲೆ ಎಡಗೈಯಲ್ಲಿ ಮಚ್ಚು ಹಿಡಿದು, ತೊಟ್ಟಿನ ಎಡಕ್ಕೆ ಓರೆಯಾಗಿ ಒಂದೇ ಏಟು ಹಾಕಿದಳು. ಕಾಯಿ ಬಾಯಿಬಿಟ್ಟಿತು. ಒಳಗಿನ ಬಣ್ಣ ನೋಡಿ ನನಗೆ ಸಂತೋಷವಾಯಿತು, ಅವ್ವನ ಮುಖ ಬೆವೆತಿತ್ತು.

"ಯಾರ್ಗೂ ಯೋಳ್ಬ್ಯಾಡ ಮೊಗ. ಅಜ್ಜಿ ಕೇಳುದ್ರೆ ಕೊಳ್ತೋಗಿತ್ತು, ತಿಪ್ಪೆಗೆ ಎಸುದ್ವಿ ಅನ್ನು. ನನ್ ಮ್ಯಾಲಾಣೆ ಇಕ್ಕು."

ಆಣೆ ಇಟ್ಟೆ. ಎರಡು ದಿನ ಹುಳಿ, ಪಲ್ಯ, ಚಟ್ನಿ. ಮೂರನೆಯ ದಿನ ಬೆಲ್ಲ ಹಾಕಿ ಕಡುಬು. ತಿಪ್ಪೆಗೆ ಹಾಕಿದ ತೊಟ್ಟು, ಉಳಿದ ಸಿಪ್ಪೆಯ ಮೇಲೆ ಅವ್ವ ಬೂದಿ ಸುರಿದು ಮುಚ್ಚಿದ್ದಳು. ಬೀಜವನ್ನೂ ಹಾಕಲು ಹೊರಟಾಗ ನಾನು ಅತ್ತು ಹಟ ಮಾಡಿ ಒಂದು ಹಿಡಿ ಹುರಿಸಿಕೊಂಡೆ. ಮೂರನೆಯ ದಿನ ಮಧ್ಯಾಹ್ನ ಅವ್ವ ನಾಲೆಗೆ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಜಗಲಿಯ ಮೇಲೆ ಕೂತು ಬೀಜ ಸುಲಿದು ತಿನ್ನುತ್ತಿದ್ದೆ. ತಲೆ ಎತ್ತಿದರೆ ಚಪ್ಪಲಿ ಕೈಯಲ್ಲಿ ಹಿಡಿದ ಅಜ್ಜಿ ಎದುರಿಗೆ ನಿಂತಿದ್ದಳು. ಏನೂ ಮಾತಾಡದೆ ಒಳಗೆ ಹೋದಳು, ಏಣಿ ಕಿರುಗುಟ್ಟಿತು, ಮತ್ತೆ ಹೊರಗೆ ಬಂದಳು. ನಾನು ಲಂಗದಿಂದ ಬಾಯಿ ಒರೆಸಿಕೊಳ್ಳುತ್ತಿದ್ದೆ.

"ಕುಂಬ್ಳಕಾಯಿ ಕಳ್ಳ ಅಂದ್ರೆ ಎಗ್ಲು ಮುಟ್ ನೋಡ್ಕಂಡ್ನಂತೆ. ಬಾಯ್ ಯಾಕಮ್ಮಿ ಒರುಸ್ಕತೀಯ? ಅಟ್ಟದ್ ಮ್ಯಾಲೆ ಅನ್ನೊಂದಿದ್ವು. ಒಂದೆಲ್ಲಿ?"

"ಕೊಳ್ತೋಗಿತ್ತು ಕಣಜ್ಜಿ. ಅವ್ವ ತಿಪ್ಪೆಗಾಕ್ತು."

"ಕೊಳ್ತ ಕಾಯಿ ಬೀಜ ನಿನ್ ಬಾಯ್ಗೆ ಎಂಗ್ ಬಂತು? ಯಾರ್ ಕುಯ್ದದ್ದು, ನಿಜ ಯೋಳು."

ಅವ್ವನ ಹೆಸರು ಹೇಳುವ ಹಾಗಿಲ್ಲ, ಆಣೆ ಇಟ್ಟಿದ್ದೇನೆ. ಕೊಳೆತ ಕಥೆ ನಡೆಯಲಿಲ್ಲ. ಆಗ ನನ್ನ ಎಂಟು ವರ್ಷದ ಬುದ್ಧಿ ಒಂದು ಲೆಕ್ಕ ಹಾಕಿತು. ತಪ್ಪು ಏನು? ಹೆಂಗಸು ಕುಯ್ದದ್ದು. ಹಾಗಾದರೆ ಗಂಡಸು ಕುಯ್ದ ಅಂದರೆ ತಪ್ಪೇ ಇಲ್ಲವಲ್ಲ. ಆ ಮೂರು ದಿನದಲ್ಲಿ ನಮ್ಮ ಬಾಗಿಲಿಗೆ ಬಂದ ಗಂಡಸು ಒಬ್ಬರೇ, ಅವರಿಗೆ ಮೀಸೆಯೂ ಇತ್ತು. ನಾನು ಅವ್ವನನ್ನು ಉಳಿಸುತ್ತಿದ್ದೇನೆ ಎಂದುಕೊಂಡು ಧೈರ್ಯವಾಗಿ ಹೇಳಿದೆ.

"ಗಂಡಸ್ರೇ ಕುಯ್ದದ್ದು ಕಣಜ್ಜಿ. ಮಲೇರಿಯಾದವ್ರು."

ಅಜ್ಜಿ ಗೋಡೆಯ ಮೇಲಿನ ಹೊಸ ಗೀಚು ನೋಡಿದಳು. ಅವಳಿಗೆ ಓದು ಬಾರದು, ಆದರೆ ಅದು ಹೊಸತು ಎನ್ನುವುದು ತಿಳಿಯಿತು.

"ಒಳೀಕ್ ಬಂದಿದ್ನಾ?"

ಜಗಲಿಯ ಮೇಲೆ ಅಂದರೆ ಬೀದಿಯವರೆಲ್ಲ ನೋಡಿರುತ್ತಿದ್ದರು, ಸುಳ್ಳು ಸಿಕ್ಕಿಬೀಳುತ್ತದೆ. "ಊಂ, ಬಾಗ್ಲು ಮುಚ್ಚಿತ್ತು," ಅಂದೆ. ಬಾಗಿಲು ಮುಚ್ಚಿದ್ದಂತೂ ನಿಜವಾಗಿತ್ತು. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ತಲೆ ಸವರಿದಳು. ಅಜ್ಜಿ ತಲೆ ಸವರಿದ್ದು ಅಪರೂಪ, ನನಗೆ ಹೆಮ್ಮೆಯಾಯಿತು. ಇವತ್ತಿಗೂ ಯಾರಾದರೂ ಸುಮ್ಮನೆ ತಲೆ ಸವರಿದರೆ ನಾನು ತಲೆ ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಅಜ್ಜಿ ಅವ್ವ ಬಡಿಸಿದ್ದನ್ನು ಉಣ್ಣಲಿಲ್ಲ, ತಾನೇ ಬೇರೆ ಒಲೆ ಹೂಡಿ ಗಂಜಿ ಕಾಯಿಸಿಕೊಂಡಳು. ಕುಂಬಳಕಾಯಿಯ ಕೋಪ ಎಂದುಕೊಂಡು ಅವ್ವ ತಲೆ ತಗ್ಗಿಸಿ ಓಡಾಡಿದಳು. ನಾನು ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅಜ್ಜಿ ಬಂದ ನಾಲ್ಕನೆಯ ದಿನ ಮಳವಳ್ಳಿಯಿಂದ ಅವ್ವನ ಅಣ್ಣ, ನನ್ನ ಸೋದರಮಾವ, ಬಂದಿಳಿದ. ಅಜ್ಜಿಯೇ ಹೇಳಿಕಳಿಸಿದ್ದಳು. ಊರಿನ ಇಬ್ಬರು ಹಿರಿಯರು ಜಗಲಿಯ ಮೇಲೆ ಬಂದು ಕೂತರು. ಮಾತು ಬಿಟ್ಟಿದ್ದ ಸಿದ್ದಪ್ಪನೂ ಬಂದು ಕಂಬಕ್ಕೆ ಒರಗಿದ. ಅಜ್ಜಿ ಎಲ್ಲರೆದುರಿಗೆ ಹೇಳಿದಳು.

"ನಿನ್ ತಂಗೀನ ಕರ್ಕಂಡೋಗಪ್ಪ. ನಾನಿಲ್ದಾಗ ಬಾಗ್ಲು ಮುಚ್ಕಂಡು ಕಂಡೋರ್ನ ಒಳೀಕ್ ಕರೀತಾಳೆ. ನನ್ ಮಗನ್ ಮೊಗ ನನ್ತಾವ್ಲೇ ಇರ್ಲಿ. ಬೇಕಾದ್ರೆ ಮೊಗೀನೇ ಕೇಳು, ಅದೇ ಯೋಳೈತೆ."

ನಾನು ಬಾಗಿಲ ಸಂದಿಯಲ್ಲಿದ್ದೆ. ಅವ್ವ ಒಳಗಿನಿಂದ ಬಂದವಳು ನನ್ನ ಕಡೆ ತಿರುಗಿದಳು. ಕೋಪವಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿತ್ತು. ಅವಳು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಒಂದೇ ಮಾತು, ಮೊಗ ಸುಳ್ಳು ಯೋಳೈತೆ ಅಂದಿದ್ದರೆ ಸಾಕಿತ್ತು. ಅವಳು ಅನ್ನಲಿಲ್ಲ. ನಾನಾದರೂ ಮುಂದೆ ಬಂದು ಹೇಳಬಹುದಿತ್ತು. ಇನ್ನಷ್ಟು ಬಾಗಿಲ ಹಿಂದಕ್ಕೆ ಸರಿದೆ. ಮಾವ ಎದ್ದುನಿಂತು, "ಗಂಟು ಕಟ್ಟವ್ವ" ಅಂದ.

"ಒಸಿ ತಡಿ ಅಣ್ಣಯ್ಯ," ಅಂದಳು ಅವ್ವ. "ಮೊಗೀಗೆ ಏನೂ ಅನ್ಬ್ಯಾಡಿ. ಯಾರೂ ಒಳೀಕ್ ಬಂದಿಲ್ಲ. ಕುಯ್ದೋಳು ನಾನು.  ಯೋಳ್ಬ್ಯಾಡ ಅಂತ ಆಣೆ ಇಕ್ಕುಸ್ಕಂಡೋಳೂ ನಾನೇ."

"ಸುಳ್ಳು," ಅಂದಳು ಅಜ್ಜಿ. "ಮಾನ ಉಳಿಸ್ಕಳಾಕೆ ಪಾಪ ಒತ್ಕತಾವ್ಳೆ. ಯಾವ್ ಎಂಗ್ಸು ಕುಂಬ್ಳಕಾಯ್ಗೆ ಮಚ್ ಎತ್ತಾಳು?"

ಅಜ್ಜಿ ಸೊಂಟದ ಚೀಲದಿಂದ ಒಂದು ಒಣಗಿದ ಚೂರು ತೆಗೆದು ಜಗಲಿಯ ಮೇಲಿಟ್ಟಳು. ಬೂದಿ ಕೆದಕಿ ತಿಪ್ಪೆಯಿಂದ ಆರಿಸಿಟ್ಟುಕೊಂಡಿದ್ದ ಕುಂಬಳಕಾಯಿಯ ತೊಟ್ಟು, ಮಾವನಿಗೆ ತೋರಿಸಲು ಸಾಕ್ಷಿ. ಅವ್ವ ಆ ತೊಟ್ಟನ್ನೇ ನೋಡಿದಳು. ಒಳಗೆ ಹೋಗಿ ಏಣಿ ಹತ್ತಿ ಇನ್ನೊಂದು ಕಾಯಿ ತಂದು, ಗಂಡಸರ ನಡುವೆ, ಸಿದ್ದಪ್ಪ ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಕೂತಳು. ಎಡಗೈಯಲ್ಲಿ ಮಚ್ಚು ಎತ್ತಿ ಒಂದೇ ಏಟು ಹಾಕಿದಳು. ತೊಟ್ಟು ಓರೆಯಾಗಿ ಹಾರಿ ಅಜ್ಜಿಯ ಕಾಲ ಬಳಿ ಬಿತ್ತು. ಅಜ್ಜಿ ಬಗ್ಗಿ ಅದನ್ನು ತಗೊಂಡು ಒಣಗಿದ ತೊಟ್ಟಿನ ಪಕ್ಕ ಹಿಡಿದು ನೋಡಿದಳು. ಎರಡೂ ಎಡಗಡೆಯಿಂದ, ಒಂದೇ ಓರೆಯಲ್ಲಿ ಕುಯ್ದಿದ್ದವು. ಸಿದ್ದಪ್ಪನೂ ಬಗ್ಗಿ ನೋಡಿದ.

"ಎಡಗೈ ಏಟೇ ಕಣಮ್ಮ ಇದು. ನಂದು ಬಲಕ್ ಬೀಳ್ತದೆ," ಅಂದ.

ಹಿರಿಯರು ಒಬ್ಬೊಬ್ಬರಾಗಿ ಎದ್ದು ಟವೆಲ್ಲು ಕೊಡವಿದರು. ಅಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ. ಅಜ್ಜಿಗೆ ಮುಗಿದಿರಲಿಲ್ಲ. ಎರಡು ತೊಟ್ಟನ್ನೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ನನ್ ಮಗ ಇದ್ದಾಗ್ಲೂ ಇಂಗೇ ಕದ್ದು ಕುಯ್ತಿದ್ಯಾ?"

"ಇಲ್ಲ ಕಣತ್ತೆ. ಅವ್ರೇ ಕುಯ್ಕೊಡೋರು," ಅಂದಳು ಅವ್ವ. ಅವಳು ಅತ್ತದ್ದು ಅವತ್ತು ಅದೊಂದೇ ಮಾತಿಗೆ.

ಅಜ್ಜಿ ಅದನ್ನು ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವನನ್ನು ಮನೆಯಿಂದ ಕಳಿಸಲಿಲ್ಲ, ಅಷ್ಟೇ. ಮಾವ ಒಬ್ಬನೇ ಮಳವಳ್ಳಿಯ ಬಸ್ಸು ಹಿಡಿದ. ಊರಿನ ಹೆಂಗಸರು ಗಂಡುಮಗುವಿನ ನಾಮಕರಣಕ್ಕೆ ಅವ್ವನನ್ನು ಕರೆಯುವುದು ಬಿಟ್ಟರು. ಅದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ, ಆ ದಿನಗಳಲ್ಲಿ ಹಿತ್ತಲಲ್ಲಿ ಪಾತ್ರೆ ಜೋರಾಗಿ ಉಜ್ಜುತ್ತಿದ್ದಳು. ಅಟ್ಟದ ಉಳಿದ ಒಂಬತ್ತು ಕಾಯನ್ನೂ ಅವಳೇ ಕುಯ್ದಳು, ಬಾಗಿಲು ತೆಗೆದಿಟ್ಟುಕೊಂಡು. ಅಜ್ಜಿ ಮೊದಲ ಎರಡು ಕಾಯಿ ಮುಟ್ಟಲಿಲ್ಲ. ಮೂರನೆಯದರ ಹುಳಿಯ ವಾಸನೆಗೆ ತಟ್ಟೆ ಹಿಡಿದು ಬಂದು ಕೂತು, "ಉಪ್ಪು ಜಾಸ್ತಿ ಆಗದೆ" ಅನ್ನುತ್ತ ಎರಡು ಸಲ ಹಾಕಿಸಿಕೊಂಡಳು. ನನ್ನ ಕಣ್ಣು ಸರಿಹೋಯಿತು. ಸಿರಪ್ಪಿನಿಂದಲೋ, ಕುಂಬಳಕಾಯಿಯಿಂದಲೋ, ಬೇಡಿ ತಂದ ನುಗ್ಗೆಸೊಪ್ಪಿನಿಂದಲೋ, ಇಂಥದ್ದರಿಂದಲೇ ಎಂದು ಆಣೆ ಮಾಡಿ ಹೇಳಲಾರೆ. ನಾದಿನಿಯ ಸಂದೇಶದಲ್ಲಾದರೆ ಎಲ್ಲ ಪುಣ್ಯವೂ ಕುಂಬಳಕಾಯಿಗೇ ಹೋಗುತ್ತಿತ್ತು. ಸರಿಹೋಯಿತೆಂದು ತಿಳಿದದ್ದು ಹೇಗೆಂದರೆ, ಒಂದು ಮುಚ್ಚಂಜೆ ನಡುಮನೆಯ ದಾರಿಯಲ್ಲಿ ಅಜ್ಜಿ ಮತ್ತೆ ಚೊಂಬು ಇಟ್ಟಿದ್ದು ನನಗೆ ಕಾಣಿಸಿತು. ದಾಟಿಕೊಂಡು ಹೋದೆ.

ಅವ್ವ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಮುದ್ದು ಕಡಿಮೆ ಮಾಡಲಿಲ್ಲ, ತಲೆ ಬಾಚುವುದು ಬಿಡಲಿಲ್ಲ. ಆದರೆ ಅದಾದ ಮೇಲೆ ಅವಳು ನನಗೆ ಒಂದೇ ಒಂದು ಗುಟ್ಟು ಹೇಳಲಿಲ್ಲ. ನನ್ನ ಮದುವೆ ನಿಶ್ಚಯವಾದದ್ದು ನನಗೆ ತಿಳಿದದ್ದು ಸಿದ್ದಪ್ಪನ ಬಾಯಿಂದ. ಅವಳಿಗೆ ಗರ್ಭಕೋಶದ ಆಪರೇಷನ್ ಆಗಿ ಮದ್ದೂರಿನ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನಗೆ ಸುದ್ದಿ ಬಂತು. ಯಾಕವ್ವ ಹೇಳಲಿಲ್ಲ ಅಂದರೆ, "ನಿಂಗ್ ಯಾಕ್ ಸುಮ್ಕೆ ತೊಂದ್ರೆ" ಅನ್ನುವಳು. ನಾನು ನಂಬುತ್ತಿರಲಿಲ್ಲ. ಯಾರು ಏನು ಹೇಳಿದರೂ ಹೇಳದೆ ಬಿಟ್ಟದ್ದು ಏನು ಎಂದು ಹುಡುಕುವ ಗುಣ ನನಗೆ ಅಜ್ಜಿಯಿಂದ ಬಂತು ಅನ್ನುತ್ತಾರೆ. ಅಲ್ಲ. ಅದು ಅವ್ವನ ಮೌನದಿಂದ ಬಂದದ್ದು. ಗೂಡು ನೋಡುವ ಕೆಲಸದಲ್ಲಿ ಅದು ನನ್ನ ಕೈ ಹಿಡಿಯಿತು, ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿ ಇರಲು ಬಿಡಲಿಲ್ಲ.

ಈಗ ಅವ್ವ ನನ್ನ ಜೊತೆ ಮಂಡ್ಯದಲ್ಲೇ ಇದ್ದಾಳೆ, ಎಂಬತ್ತು ದಾಟಿದೆ. ಹೋದ ತಿಂಗಳು ನಾನು ಒಂದು ಸಂಗತಿ ಗಮನಿಸಿದೆ. ಸಂಜೆಯಾದರೆ ಅವ್ವ ಮಂಚ ಬಿಟ್ಟು ಏಳುತ್ತಿರಲಿಲ್ಲ. ಹಸಿವಿಲ್ಲ, ಮಂಡಿ ನೋವು, ಟೀವಿ ಬೇಡ, ದಿನಕ್ಕೊಂದು ನೆಪ. ಬಾಗಿಲಿಗೆ ಹೋಗುವಾಗ ಗೋಡೆ ಸವರಿಕೊಂಡು ಹೋಗುವಳು. ನನ್ನ ಅನುಮಾನ ಕೆಲಸ ಶುರು ಮಾಡಿತು. ಒಂದು ಸಂಜೆ ಅವಳು ಬಚ್ಚಲಿಗೆ ಹೋಗುವ ದಾರಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಅಡುಗೆಮನೆಯಿಂದ ಇಣುಕಿದೆ. ಇಟ್ಟ ಮೇಲೆ ನಾನೇನು ಮಾಡುತ್ತಿದ್ದೇನೆ ಅನ್ನುವುದು ಹೊಳೆಯಿತು. ಅವಳು ಎದ್ದ ಸದ್ದಾದ ಕೂಡಲೇ ಓಡಿ ಹೋಗಿ ಅದನ್ನು ಎತ್ತಿಕೊಂಡೆ. ನಾಚಿಕೆಯ ಗಡಿಬಿಡಿಯಲ್ಲಿ ಸ್ಟೂಲ್ ಗೋಡೆಗೆ ತಾಗಿ ಸದ್ದಾಯಿತು. ಅವ್ವ ನಿಂತಳು. ಏನು ನಡೆಯಿತೆಂದು ಅವಳಿಗೆ ಅರ್ಥವಾಯಿತೋ ಏನೋ, ಕೈ ಚಾಚಿ ನನ್ನ ಭುಜ ಹುಡುಕಿ ಹಿಡಿದುಕೊಂಡಳು.

"ಸಂಜೆ ಮ್ಯಾಲೆ ಕಣ್ ಕಾಣಾಕಿಲ್ಲ ಕಣಮ್ಮಿ. ಮಂಜು ಕವ್ಕಂಡಂಗೆ ಆಯ್ತದೆ. ಯಾರ್ಗೂ ಯೋಳ್ಬ್ಯಾಡ."

ಅದೇ ಮಾತು. ಇಷ್ಟು ವರ್ಷದ ಮೇಲೆ ಅವ್ವ ನನ್ನ ಕೈಗೆ ಇನ್ನೊಂದು ಗುಟ್ಟು ಕೊಟ್ಟಿದ್ದಳು. ಇದು ಪರೀಕ್ಷೆಯೋ, ನಂಬಿಕೆಯೋ ಎಂದು ಅನುಮಾನಿಸಿದೆ, ನನ್ನ ಹಣೆಬರಹ. ಏನಾದರಾಗಲಿ, ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಇಡೀ ಕುಂಬಳಕಾಯಿ ತಂದು ದಿನಕ್ಕೊಂದು ಬಗೆ ಮಾಡಿದೆ: ಹುಳಿ, ಹುಚ್ಚೆಳ್ಳಿನ ಪಲ್ಯ, ತುರಿದು ಹಾಕಿದ ದೋಸೆ, ಸಿಪ್ಪೆಯ ಚಟ್ನಿ. ಈ ವಯಸ್ಸಿನ ಕಣ್ಣಿಗೆ ಬರುವುದು ಪೊರೆ, ಪೊರೆ ಕುಂಬಳಕಾಯಿಗೆ ಕರಗುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಯಾರಿಗೂ ಹೇಳದೆ ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

"ದಿನಾ ಯಾಕಮ್ಮಿ ಕುಂಬ್ಳಕಾಯಿ?" ಅಂದಳು ಅವ್ವ ಐದನೆಯ ದಿನ. "ಯಾರ್ಗಾರಾ ಯೋಳ್ದಾ?"

"ಇಲ್ಲ ಕಣವ್ವ."

ಹತ್ತನೆಯ ದಿನ ನನ್ನ ಕನ್ನಡಕ ಬದಲಾಯಿಸಬೇಕು, ಜೊತೆಗೆ ಬಾ ಎಂದು ಸುಳ್ಳು ಹೇಳಿ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನನ್ನ ಕಣ್ಣು ನೋಡಿ ಮುಗಿಸಿ, ಪಕ್ಕದಲ್ಲಿ ಕೂತ ಅವ್ವನ ಕಡೆ ತಿರುಗಿ, "ಅಜ್ಜಿ, ನಿಮಗೇನು ತೊಂದರೆ?" ಅಂದರು.

"ನಂಗೇನೂ ಇಲ್ಲ ಕಣವ್ವ," ಅಂದಳು ಅವ್ವ.

ಡಾಕ್ಟರಮ್ಮ ನನ್ನನ್ನು ನೋಡಿದರು. "ನೀವು ಹೇಳಿ. ಮನೇಲಿ ಓಡಾಡೋವಾಗ ಎಡವ್ತಾರಾ? ಸಂಜೆ ಮೇಲೆ ಕಷ್ಟ ಆಗುತ್ತಾ?"

"ನನಗೆ ಗೊತ್ತಿಲ್ಲ," ಅಂದೆ. ಆ ಸುಳ್ಳಿಗೆ ನನ್ನ ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಏನೋ ಬರೆಯಲು ಬಗ್ಗಿದರು. ಅವ್ವನ ಎಡಗೈ ನನ್ನ ಮಡಿಲಲ್ಲಿ ತಡಕಾಡಿ, ನನ್ನ ಕೈ ಸಿಕ್ಕಿದ ಮೇಲೆ ನಿಂತಿತು.

"ಯೋಳು ಮೊಗ," ಅಂದಳು. "ನೀನೇ ಯೋಳು."